ಐದನೆಯದನ್ನು ಬಿಡಬಹುದು

ಗುರುವಾರ ಸಂಜೆ ಕಾಯರಿನ ಹೆಂಗಸರು ಹೊರಟಮೇಲೆ
ಮೆಥೊಡಿಸ್ಟ್ ಚರ್ಚಿನ ಹಿಂದಿನ ಹಾಲಿನಲ್ಲಿ
ಪಿಯಾನೋ ನನ್ನದು, ಏಳರವರೆಗೆ.
ಆಮೇಲೆ ಬೀಗ.
ನ್ಯೂ ಬ್ರೈಟನ್ನಿನ ಗಾಳಿಗೆ ತಗಡಿನ ಸೂರು ಗೊಣಗುತ್ತದೆ.
ನಡುವಿನ ಸಿ-ಯಿಂದ ಬಲಕ್ಕೆ ಮೊದಲ ಎ
ಮಾತಾಡುವುದಿಲ್ಲ.
(ಇಲಿ ಕಡಿದ ಬನಾತಿನ ಜಾಗಕ್ಕೆ
ಹಳೇ ಟ್ಯೂಬಿನ ತುಂಡು ಅಂಟಿಸಿದವನು ನಾನೇ.
ಮಾತು ಬರಲಿಲ್ಲ, ಕೆಮ್ಮು ನಿಂತಿತು.)

ಮೂವತ್ತೊಂದು ವರ್ಷ ಟೈರು ಕಾರ್ಖಾನೆ.
ರಬ್ಬರು ಕಲಸುವ ಉರುಳೆಗಳ ನಡುವೆ
ಬಲಗೈಯ ನಡುಬೆರಳು, ಉಂಗುರಬೆರಳು
ಬುಡದ ಗೆಣ್ಣಿನವರೆಗೆ ಹೋದವು.
ಶಿಫ್ಟು ಮುಗಿಯಲು ಹನ್ನೆರಡು ನಿಮಿಷವಿತ್ತು.
ಪರಿಹಾರದ ಕಾಗದದಲ್ಲಿ ಬೆರಳಿಗಿಷ್ಟು ಎಂದು ಬರೆದಿತ್ತು;
ಒಂದು ಬೆರಳಿಗೆ ಛಾವಣಿ, ಇನ್ನೊಂದಕ್ಕೆ
ಮಗಳ ನರ್ಸಿಂಗ್ ಫೀಸು.
ಬೆರಳೆಣಿಕೆ ಎಂದು ಯಾರಾದರೂ ಅಂದರೆ
ನಾನು ಎಂಟಕ್ಕೆ ನಿಲ್ಲುತ್ತೇನೆ.

ಮಾ ನೊಬಾಂಟುಗೆ ಎಪ್ಪತ್ತೊಂಬತ್ತು.
ಒಂದು ಕಾಲಕ್ಕೆ ಡಾನ್ಸ್ ಬ್ಯಾಂಡಿನಲ್ಲಿ ರಾತ್ರಿಯಿಡೀ ನುಡಿಸಿ
ಬೆಳಗಿನ ಪೊಲೀಸರಿಗೆ ಪಾಸು ತೋರಿಸಿ ಮನೆ ಸೇರಿದವರು.
ಈಗ ಎರಡೂ ಕಣ್ಣಿಗೆ ಪೊರೆ.
ಮೂರನೇ ವಾರ ಊರಿಗೂರೇ ಕರೆಂಟು ಹೋದಾಗ
ಅವರಿಗೆ ತಿಳಿಯಲೇ ಇಲ್ಲ; ಪಾಠ ನಡೆದೇ ಇತ್ತು.

"ಒಂದು ಬಿಟ್ಟು ಒಂದು ಒತ್ತು," ಅಂದರು ಮೊದಲ ದಿನ.
"ಸಿ. ಡಿ ಬಿಡು. ಇ. ಎಫ್ ಬಿಡು. ಜಿ.
ದೇವರಿಗೆ ಇಷ್ಟು ಸಾಕು.
ಮನುಷ್ಯರಿಗೆ ಇನ್ನೊಂದು ಬೇಕು."

ಇನ್ನೊಂದು, ಬಿ.
ನಾಲ್ಕನ್ನೂ ಎಡಗೈಯಲ್ಲಿ ಒತ್ತಿದೆ.
ಸಮುದ್ರದಿಂದ ಬಂದು, ಒದ್ದೆ ಕಾಲಲ್ಲೇ
ಹಿತ್ತಿಲ ಬಿಸಿಲಿಗೆ ಕೂತ ಹಾಗಿತ್ತು.
"ಬಿ-ಯನ್ನು ಅರ್ಧ ಮೆಟ್ಟಿಲು ಇಳಿಸು. ಕಪ್ಪು ಮನೆ."
ಇಳಿಸಿದೆ.
ಯಾರೋ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತು
ಹೋಗುತ್ತೇನೆ ಹೋಗುತ್ತೇನೆ ಅನ್ನುತ್ತ ಹೋಗದ ಹಾಗೆ.
"ಈಗ ಇ-ಯನ್ನೂ."
ಇ-ಯನ್ನೂ.
ನಾನು ಏನೂ ಹೇಳಲಿಲ್ಲ. ಅವರೂ.
ಸೂರು ಮಾತ್ರ.

ಹೀಗೆ ಎಡಗೈ ಕಲಿಯಿತು. ಬಲಗೈ
ತೊಡೆಯ ಮೇಲೆ ಕೂತು ನೋಡುತ್ತಿತ್ತು,
ಆಟಕ್ಕೆ ಸೇರಿಸಿಕೊಳ್ಳದ ಹುಡುಗನಂತೆ.
"ಅದನ್ನೇಕೆ ಮಲಗಿಸಿದ್ದೀಯ, ಜ್ವೆಲಾಖೆ?"
"ನಾಲ್ಕು ಸ್ವರ, ಮಾ. ಬೆರಳು ಮೂರು."
ಕೈ ಈಸಿಕೊಂಡರು. ಮೊಂಡು ಗೆಣ್ಣುಗಳನ್ನು
ಕಾಳು ಆರಿಸುವವರ ಹಾಗೆ ಒಂದೊಂದಾಗಿ ಮುಟ್ಟಿದರು.
ಅಯ್ಯೋ ಅನ್ನಲಿಲ್ಲ.
"ಐದನೆಯದನ್ನು ಬಿಡು, ಜಿ-ಯನ್ನು.
ಅದು ಮದುವೆಗೆ ಬಂದು ಉಂಡು ಹೋಗುವ ನೆಂಟ.
ಬಂದರೆ ಸಂತೋಷ, ಬರದಿದ್ದರೆ ಯಾರೂ ಕೇಳುವುದಿಲ್ಲ.
ಬುಡ ಬೇಕು. ಮೂರನೆಯದು ಬೇಕು, ನಗುವೋ ಅಳುವೋ ತಿಳಿಯಲು.
ಏಳನೆಯದು ಬೇಕು.
ನಾವೆಲ್ಲ ಬಿಡುತ್ತಿದ್ದೆವು, ಹತ್ತೂ ಬೆರಳಿದ್ದವರು."

ಹೆಬ್ಬೆರಳು. ತೋರುಬೆರಳು. ಕಿರುಬೆರಳು.
ಸಿ, ಇ, ಕಪ್ಪು ಮನೆಯ ಬಿ.
ಚಾಚಿದ ಕೈಯ ನಡುವೆ
ಒಂದು ಹಲ್ಲುದುರಿದ ಜಾಗ, ಅಲ್ಲಿಂದಲೇ ಗಾಳಿ ಒಳಬಂದು
ಪಿಯಾನೋ ತುಂಬಿಕೊಂಡಿತು.

"ಇನ್ನು ಮನೆಗೆ ಬಾ. ಹೆಬ್ಬೆರಳು ಅಲ್ಲೇ ಇರಲಿ.
ತೋರುಬೆರಳು ಅರ್ಧ ಮೇಲೆ, ಕಿರುಬೆರಳು ಅರ್ಧ ಕೆಳಗೆ.
ನೋಡು ಇದನ್ನು, ಹೆಸರಿಗೆ ಏಳು.
ಏಳುವುದಿಲ್ಲ. ಇಳಿಯುತ್ತದೆ.
ಇಳಿದರೇ ಅದಕ್ಕೆ ಊರು."

ಇಳಿಸಿದೆ. ಇಳಿದದ್ದು ಆ ಮೂಕ ಎ-ಯ ಮೇಲೆ.
ಟಪ್ ಅಂದಿತು ಮರ.
ಉಳಿದೆರಡು ಸ್ವರ ಬಾಯಿಬಿಟ್ಟುಕೊಂಡು ನಿಂತವು,
ನಗುವೋ ಅಳುವೋ ತಿಳಿಯದೆ.

ಮಾ ನೊಬಾಂಟು ಗಂಟಲು ಸರಿಮಾಡಿಕೊಂಡು
ಆ ಎ-ಯನ್ನು ತಾವೇ ಹಾಡಿದರು,
ಶ್ರುತಿ ಸ್ವಲ್ಪ ಕೆಳಗೆ,
ಪಿಯಾನೋ ಇಳಿದಷ್ಟೇ ಇಳಿದು.

ಕಾವಲಿನ ಲುಖಾನ್ಯೊ ಬಾಗಿಲಲ್ಲಿ ಬೀಗದ ಗೊಂಚಲು ಅಲ್ಲಾಡಿಸಿದ:
ಏಳಾಯಿತು, ಏಳಿ.
ಇನ್ನೊಂದೇ ಸಲ, ಅಂದೆ,
ಕಿರುಬೆರಳನ್ನು ಮತ್ತೆ
ಕಪ್ಪು ಮನೆ ಹತ್ತಿಸುತ್ತ.